ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತ ಲಿಫ್ಟು

ನಮ್ಮ ಯಜಮಾನರಷ್ಟು ಮೇಲೆ ಹೋಗಿ ಕೆಳಗೆ ಬಂದವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಲಿಫ್ಟು ನಡೆಸುವುದು ಅವರ ಕೆಲಸ. ಈಗಿನ ಹಾಗೆ ಗುಂಡಿ ಒತ್ತಿದರೆ ತಾನೇ ಹೋಗಿ ತಾನೇ ನಿಲ್ಲುವ ಲಿಫ್ಟಲ್ಲ ಅದು. ಕಬ್ಬಿಣದ ಜಾಲರಿ ಬಾಗಿಲನ್ನು ಎಳೆದು ಮುಚ್ಚಬೇಕು. ಹಿತ್ತಾಳೆಯ ಹಿಡಿಯನ್ನು ಒಂದು ಕಡೆಗೆ ತಿರುಗಿಸಿದರೆ ಏರುತ್ತದೆ, ಇನ್ನೊಂದು ಕಡೆಗೆ ತಿರುಗಿಸಿದರೆ ಇಳಿಯುತ್ತದೆ, ನಡುವೆ ತಂದು ಬಿಟ್ಟರೆ ಎಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ಮಹಡಿಯ ನೆಲಕ್ಕೂ ಲಿಫ್ಟಿನ ನೆಲಕ್ಕೂ ಕೂದಲಷ್ಟು ವ್ಯತ್ಯಾಸವಿಲ್ಲದಂತೆ ನಿಲ್ಲಿಸುವುದಿದೆಯಲ್ಲ, ಅದಕ್ಕೆ ಕೈ ಪಳಗಬೇಕು. ಬದಲಿ ಆಳು ನಡೆಸಿದ ದಿನ ಸ್ಟ್ರೆಚರಿನ ಗಾಲಿ ಸಿಕ್ಕಿಕೊಂಡು ರೋಗಿ ಅಯ್ಯೋ ಅನ್ನುತ್ತಿದ್ದ. ನಮ್ಮವರು ನಿಲ್ಲಿಸಿದರೆ ನಿಂತದ್ದೇ ಗೊತ್ತಾಗುತ್ತಿರಲಿಲ್ಲ.

ನೋಡಲು ಸಣಕಲು, ಉದ್ದನೆಯ ಆಳು. ಮಾತು ಅಳೆದು ಸುರಿದಂತೆ. ಲಿಫ್ಟಿನಲ್ಲಿ ಕೇಳಿದ್ದನ್ನು ಲಿಫ್ಟಿನಲ್ಲೇ ಬಿಟ್ಟು ಬರುತ್ತಿದ್ದರು. ಯಾವ ಡಾಕ್ಟರಿಗೆ ಯಾರ ಮೇಲೆ ಸಿಟ್ಟು, ಯಾವ ನರ್ಸಮ್ಮನಿಗೆ ಮದುವೆ ಗೊತ್ತಾಯಿತು, ಯಾವ ರೋಗಿಯ ಮಕ್ಕಳು ಆಸ್ತಿಗೆ ಕಚ್ಚಾಡಿದರು, ಎಲ್ಲವೂ ಮೊದಲು ಬೀಳುತ್ತಿದ್ದದ್ದು ಅವರ ಕಿವಿಗೆ. ನಾನು ಕೆದಕಿದರೆ, "ಆ ಪೆಟ್ಟಿಗೇಲಿ ನಂಗೆ ಕಿವಿ ಇಲ್ಲ ಕಣೇ" ಅನ್ನುತ್ತಿದ್ದರು. ಅದನ್ನು ಹತ್ತು ಜನರ ಮುಂದೆ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವಳು ನಾನೇ. ಆಮೇಲೆ ಆ ಬಾಯಿಬಿಗಿತವೇ ನನ್ನ ತಲೆಯಲ್ಲಿ ಹುಳ ಬಿಟ್ಟಿತು.

ಮದುವೆಯಾದಾಗಿನಿಂದ ಅವರು ಸಿಗರೇಟು ಸೇದುತ್ತಿದ್ದರು. ಆಗ ಅದು ಯಾರಿಗೂ ದೊಡ್ಡ ವಿಷಯವಾಗಿರಲಿಲ್ಲ. ಆಸ್ಪತ್ರೆಯಲ್ಲೇ ಡಾಕ್ಟರ ಮೇಜಿನ ಮೇಲೆ ಬೂದಿ ತಟ್ಟೆ ಇರುತ್ತಿತ್ತು. ನನ್ನ ಮಗಳು ಹುಟ್ಟಿದಾಗ ಹೆರಿಗೆ ಮಾಡಿಸಿದ ಡಾಕ್ಟರು ಒಳ್ಳೆಯ ಸುದ್ದಿ ಹೇಳಲು ಹೊರಗೆ ಬಂದಾಗ ತುಟಿಯಲ್ಲಿ ಸಿಗರೇಟಿತ್ತಂತೆ. ನಮ್ಮವರಿಗೂ ಒಂದು ಕೊಟ್ಟು ಕಡ್ಡಿ ಗೀರಿದರಂತೆ. ನಾನು ಬಯ್ದಾಗಲೆಲ್ಲ ಇವರದು ಒಂದೇ ವಾದ: "ಡಾಕ್ಟ್ರುಗಳೇ ಸೇದ್ತಾರೆ. ಅವರಿಗಿಂತ ಜಾಸ್ತಿ ಓದಿದೀಯಾ ನೀನು?" ವಿಷವಾಗಿದ್ದರೆ ಅವರೇಕೆ ಬಾಯಿಗಿಡುತ್ತಾರೆ ಎಂದು ನಾನೂ ಸುಮ್ಮನಾಗುತ್ತಿದ್ದೆ.

ಮಗಳು ದೊಡ್ಡವಳಾಗುವ ಹೊತ್ತಿಗೆ ಕಾಲ ಬದಲಾಯಿತು. ಇವರಿಗೆ ಕೆಮ್ಮು ಹತ್ತಿ, ಇಳಿಯದೆ, ಕೊನೆಗೆ ಕಫದಲ್ಲಿ ರಕ್ತ ಕಂಡಿತು. ಅದೇ ಆಸ್ಪತ್ರೆಯ ಎದೆ ಡಾಕ್ಟರು ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, ಬಲಗಡೆ ಮೋಡದಂತಿದ್ದ ಒಂದು ಕಲೆಯನ್ನು ಬೆರಳಿನಿಂದ ಸುತ್ತಿ ತೋರಿಸಿದರು. ಎತ್ತರದ ಮನುಷ್ಯ, ಕನ್ನಡಕ, ಮೆತ್ತಗಿನ ದನಿ. "ಇದು ಇನ್ನೂ ಔಷಧಿಗೆ ವಾಸಿಯಾಗೋ ಹಂತದಲ್ಲಿದೆ. ಆದ್ರೆ ಇನ್ನೊಂದು ಸಿಗರೇಟು ಸೇದಿದ್ರೆ ನನ್ನ ಹತ್ರ ಬರ್ಬೇಡ. ನಾನು ನೋಡಲ್ಲ" ಎಂದರು. ಇವರು ಮನೆಗೆ ಬಂದು, ಮಗಳನ್ನು ಕರೆದು ಎದುರಿಗೆ ನಿಲ್ಲಿಸಿಕೊಂಡು, "ಇನ್ನು ಮುಟ್ಟಲ್ಲ ಮಗಳೇ" ಎಂದು ಮಾತು ಕೊಟ್ಟರು. ಉಳಿದಿದ್ದ ಸಿಗರೇಟನ್ನು ನಾನೇ ನೀರಿನ ತೊಟ್ಟಿಗೆ ಹಾಕಿ ಕಿವುಚಿದೆ.

ಅದೇ ಕಾಲಕ್ಕೆ ಆಸ್ಪತ್ರೆಗೆ ಹೊಸ ದೊಡ್ಡ ಡಾಕ್ಟರು ಬಂದರು. ಎಲ್ಲರ ಮೇಲಿನ ಅಧಿಕಾರಿ. ಬಂದವರೇ ಬೂದಿ ತಟ್ಟೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಸಿ ಹೊರಗೆ ಹಾಕಿಸಿದರು. ಗೋಡೆಗೋಡೆಗೆ ಸಿಗರೇಟಿನ ಮೇಲೆ ಕೆಂಪು ಗೆರೆ ಎಳೆದ ಬೋರ್ಡು ಬಂತು. ಒಳಗೆ ಸೇದಿದ್ದು ಕಂಡರೆ ಜವಾನನಾದರೂ ಅಷ್ಟೆ, ಡಾಕ್ಟರಾದರೂ ಅಷ್ಟೆ, ಮನೆಗೆ ಕಳಿಸುತ್ತೇನೆ ಎಂದರಂತೆ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮನೆಯಲ್ಲಿ ನಾನು, ಆಸ್ಪತ್ರೆಯಲ್ಲಿ ಆ ಪುಣ್ಯಾತ್ಮ. ಇನ್ನೆಲ್ಲಿ ಸೇದಿಯಾರು?

ಆದರೆ ಶರ್ಟಿಗೆ ವಾಸನೆ ಬಂತು.

ಮೊದಲ ದಿನ ನನ್ನ ಮೂಗನ್ನೇ ನಾನು ನಂಬಲಿಲ್ಲ. ಒಗೆಯಲು ಕೈಗೆತ್ತಿಕೊಂಡ ಆ ನೀಲಿ ಸಮವಸ್ತ್ರದ ಕಾಲರು, ಬೆನ್ನು, ತೋಳು, ಎಲ್ಲ ಕಡೆಯೂ ಸಿಗರೇಟಿನ ಹೊಗೆಯ ವಾಸನೆ. ಮಾರನೆಯ ದಿನವೂ ಹಾಗೇ. ಅವರು ಒಳಗೆ ಬರುವಾಗ ಬಾಗಿಲಲ್ಲೇ ತಡೆದು ನಿಲ್ಲಿಸಿದೆ.

"ಬಾಯಿ ತೆಗೀರಿ."

"ಏನೇ ಇದು, ನಾನೇನು ಎಳೇ ಮಗುವಾ?"

"ತೆಗೀರಿ ಅಂದೆ."

ತೆಗೆದರು. ಪೆಪ್ಪರಮೆಂಟಿನ ಘಾಟು ಬಿಟ್ಟರೆ ಬೇರೇನೂ ಇಲ್ಲ. ಈ ಮನುಷ್ಯ ಹುಟ್ಟಿದಾಗಿನಿಂದ ಪೆಪ್ಪರಮೆಂಟು ತಿಂದವರಲ್ಲ.

"ಇದ್ಯಾವಾಗಿಂದ ಕಲಿತ್ರಿ?"

"ಯಾರೋ ಕೊಟ್ರು. ಬಾಯಿಗೆ ಹಾಕ್ಕೊಂಡೆ."

"ಶರ್ಟು ಯಾಕೆ ನಾರುತ್ತೆ?"

"ಆಸ್ಪತ್ರೆ ಅಂದ್ಮೇಲೆ ನೂರು ವಾಸನೆ. ಅಲ್ಲಿ ಗುಲಾಬಿ ಬೆಳೀತಾರಾ?"

ಗೋಡೆಯಾಚೆಯ ಮನೆಯಲ್ಲಿ ನನ್ನ ನಾದಿನಿ ಇದ್ದಳು. ಇವರ ತಂಗಿ. ಅಣ್ಣನ ವಿಷಯಕ್ಕೆ ಬಂದರೆ ಜಗತ್ತನ್ನೇ ಎದುರು ಹಾಕಿಕೊಳ್ಳುವವಳು. ಅವಳ ಹತ್ತಿರ ಎಲ್ಲ ಹೇಳಿಕೊಂಡೆ.

"ನಮ್ಮಣ್ಣ ಮಾತು ಕೊಟ್ಮೇಲೆ ಮುಗೀತು ಅತ್ತಿಗೆ. ಸುಮ್ನೆ ಮೂಗು ತೂರಿಸ್ಬೇಡ."

"ನಿಮ್ಮಣ್ಣನ ಮಾತಿಗೆ ನನ್ನ ಮೂಗು ಒಪ್ಪಬೇಕಲ್ಲ."

"ಬಾಯಿ ವಾಸನೆ ಬರಲ್ಲ ಅಂತೀಯ, ಶರ್ಟು ವಾಸನೆ ಬರುತ್ತೆ ಅಂತೀಯ. ಹಾಗಾದ್ರೆ ಶರ್ಟೇ ಸೇದುತ್ತೇನೋ ಬಿಡು!" ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿ, ಉರಿಯುವುದಕ್ಕೆ ಎಣ್ಣೆ ಸುರಿಯುವ ಹಾಗೆ, "ಸೇದೋ ಹೆಂಗಸು ಯಾರಾದ್ರೂ ಗಂಟು ಬಿದ್ದಿದಾಳಾ ನೋಡು" ಅಂದಳು. ತಮಾಷೆಗೇ ಅಂದದ್ದು. ಆದರೆ ಹಾಗೆ ಹೊಕ್ಕ ಮಾತು ಹೊರಗೆ ಹೋಗಬೇಕಲ್ಲ!

ಅಂದಿನಿಂದ ನಾನು ಮನೆಯೊಳಗೇ ಪೊಲೀಸಾದೆ. ಜೇಬು ತಿರುವಿ ಹಾಕಿದೆ. ಬೆರಳ ತುದಿ ಮೂಸಿದೆ. ಊಟದ ಡಬ್ಬಿಯ ಮುಚ್ಚಳದೊಳಗೂ ನೋಡಿದೆ. ಸಿಕ್ಕಿದ್ದು ಪೆಪ್ಪರಮೆಂಟಿನ ಕಾಗದ ಮಾತ್ರ. ಕೆಮ್ಮು ಮಾತ್ರ ಮತ್ತೆ ಶುರುವಾಗಿತ್ತು. ಮೆಟ್ಟಿಲು ಹತ್ತುವಾಗ ಎದೆಯೊಳಗೆ ಬಾಗಿಲು ಕಿರುಗುಟ್ಟಿದಂತೆ ಸದ್ದು. ನನ್ನ ಸಂಕಟ ಇದು: ಸೇದುತ್ತಿದ್ದರೆ ಡಾಕ್ಟರು ಕೈಬಿಡುತ್ತಾರೆ, ಇವರು ಉಳಿಯುವುದಿಲ್ಲ. ಸೇದುತ್ತಿಲ್ಲವಾದರೆ ಈ ಕೆಮ್ಮು ಎಲ್ಲಿಂದ? ಯಾವ ಕಡೆಯಿಂದ ನೋಡಿದರೂ ಯಾರೋ ನನಗೆ ಸುಳ್ಳು ಹೇಳುತ್ತಿದ್ದರು.

ತಪಾಸಣೆಯ ದಿನ ನಾನೇ ಜೊತೆಗೆ ಹೊರಟೆ. ಇವರು ಬೇಡವೆಂದರು. ಬೇಡವೆಂದದ್ದಕ್ಕೇ ಹೋದೆ.

ಎದೆ ಡಾಕ್ಟರ ಕೋಣೆ ಸಣ್ಣದು. ಒಂದು ಮೇಜು, ರೋಗಿ ಮಲಗುವ ಎತ್ತರದ ಮಂಚ, ಹಸಿರು ಪರದೆ, ಗೋಡೆಯ ಮೇಲೆ ಶ್ವಾಸಕೋಶದ ದೊಡ್ಡ ಚಿತ್ರ. ಅರ್ಧ ಗುಲಾಬಿ ಬಣ್ಣ, ಅರ್ಧ ಮಸಿಯಂತೆ ಕಪ್ಪು. ಡಾಕ್ಟರು ಇವರ ಬೆನ್ನಿನ ಮೇಲೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. "ಉಸಿರು ಎಳ್ಕೋ. ಬಿಡು. ಇನ್ನೊಂದ್ಸಲ." ಆಮೇಲೆ ಕೊಳವೆಯನ್ನು ಕಿವಿಯಿಂದ ತೆಗೆದು, ಇವರ ಕಡೆಗೆ ನೋಡದೆ ನನ್ನ ಕಡೆಗೆ ನೋಡಿದರು.

"ಏನಮ್ಮಾ, ನಿಮ್ಮೆಜಮಾನ್ರು ನಿಮಗೆ ಸುಳ್ಳು ಹೇಳ್ತಿದಾರೆ. ಸಿಗರೇಟು ಬಿಟ್ಟಿಲ್ಲ ಇವ್ರು. ನಾಲಿಗೆ ಸುಳ್ಳು ಹೇಳ್ಬಹುದು, ಎದೆ ಹೇಳಲ್ಲ."

ನಾನು ಇವರತ್ತ ತಿರುಗಿದೆ. ಇವರು ಗೋಡೆಯ ಮೇಲಿನ ಕಪ್ಪು ಶ್ವಾಸಕೋಶವನ್ನು ನೋಡುತ್ತ ಕೂತಿದ್ದರು. 

"ಮಾತಾಡ್ರೀ! ಡಾಕ್ಟ್ರು ಏನೋ ಹೇಳ್ತಿದಾರೆ."

"ಏನು ಮಾತಾಡೋದು" ಎಂದು ಇವರು ಮಂಚದಿಂದ ಇಳಿದು ಶರ್ಟಿಗೆ ಕೈಹಾಕಿದರು. ಗಡಿಬಿಡಿಯಲ್ಲಿ ಶರ್ಟನ್ನು ತಲೆಕೆಳಗಾಗಿ ಎತ್ತಿದರೋ ಏನೋ, ಒಳಜೇಬಿನಿಂದ ಒಂದು ಪೊಟ್ಟಣ ಜಾರಿ ನೆಲಕ್ಕೆ ಬಿತ್ತು. ಬಿಳಿ ಪೊಟ್ಟಣ, ಅಂಚಿಗೆ ಚಿನ್ನದ ಗೆರೆ. ಸಿಗರೇಟು.

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಆದರೆ ಆ ಹೊತ್ತಿನಲ್ಲೂ ನನ್ನ ಕಣ್ಣು ಸುಮ್ಮನಿರಲಿಲ್ಲ. ಇನ್ನೂ ಜೋರಾಗಿ ಗದರುತ್ತಾರೆ ಎಂದುಕೊಂಡಿದ್ದ ಡಾಕ್ಟರು ಗದರಲಿಲ್ಲ. ಮುಖ ಸಪ್ಪೆಯಾಯಿತು. ಬಗ್ಗಿ, ತಾವೇ ಪೊಟ್ಟಣವನ್ನು ಎತ್ತಿಕೊಂಡರು. ಮೇಜಿನ ಪಕ್ಕದಲ್ಲೇ ಕಸದ ಡಬ್ಬಿ ಬಾಯಿ ತೆರೆದುಕೊಂಡಿತ್ತು. ಅದಕ್ಕೆ ಹಾಕಲಿಲ್ಲ. ಮೇಜಿನ ಖಾನೆ ಎಳೆದು, ಒಳಗಿಟ್ಟು, ಮುಚ್ಚಿದರು.

"ಸರಿ ಕ್ಯಾಪ್ಟನ್, ಶರ್ಟು ಹಾಕ್ಕೋ. ಮುಂದಿನ ತಿಂಗಳು ಬಾ" ಎಂದರು. ದನಿಯಲ್ಲಿದ್ದ ಗತ್ತು ಅಷ್ಟೂ ಇಳಿದುಹೋಗಿತ್ತು.

ಕ್ಯಾಪ್ಟನ್ನೇ? ನನ್ನ ಗಂಡನಿಗೆ ಹಾಗೊಂದು ಹೆಸರಿರುವುದು ನನಗೇ ಗೊತ್ತಿರಲಿಲ್ಲ.

ದಾರಿಯುದ್ದಕ್ಕೂ ಜಗಳ. ಜಗಳವೆಂದರೆ ನಾನೊಬ್ಬಳೇ ಆಡಿದ್ದು.

"ಯಾರದ್ದು ಆ ಪೊಟ್ಟಣ?"

"ನಂದಲ್ಲ."

"ಅದೇ ಕೇಳ್ತಿದೀನಿ, ಯಾರದ್ದು?"

"ನಂದಲ್ಲ ಅಂದ್ನಲ್ಲ."

"ನಿಮ್ದಲ್ಲ ಅಂದ್ರೆ ನಿಮ್ಮ ಜೇಬಲ್ಲಿ ಮೊಟ್ಟೆ ಒಡೆದು ಹುಟ್ತಾ?"

ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಕಿವಿ ನಿಮಿರಿಸಿಕೊಂಡು ಕೂತಿದ್ದಳು. ಇವರು ಕಿಟಕಿಯಿಂದಾಚೆಗೆ ನೋಡಿದರು. ನಾನು ಹಾದಿಬೀದಿಯಲ್ಲಿ ಮರ್ಯಾದೆ ಕಳೆಯಬಾರದೆಂದು ತುಟಿ ಕಚ್ಚಿಕೊಂಡೆ.

ಮನೆಗೆ ಬಂದು ಪಾತ್ರೆ ತಿಕ್ಕುತ್ತ ಕೂತಾಗ ಸಿಟ್ಟು ಇಳಿದು ಬುದ್ಧಿ ಓಡತೊಡಗಿತು. ನಮ್ಮವರು ಸೇದುತ್ತಿದ್ದ ಕಾಲದಲ್ಲಿ ಸೇದಿದ್ದು ಮೂಲೆ ಅಂಗಡಿಯ ಅಗ್ಗದ ಸಿಗರೇಟು. ಚಿನ್ನದ ಗೆರೆಯ ಪೊಟ್ಟಣ ಕೊಳ್ಳುವ ಆಸಾಮಿಯಲ್ಲ. ಒಂದು ಪಕ್ಷ ಯಾರೋ ಕೊಟ್ಟರು ಅಂತಲೇ ಇಟ್ಟುಕೊಳ್ಳೋಣ. ಡಾಕ್ಟರು ಅದನ್ನೇಕೆ ಕಸಕ್ಕೆ ಹಾಕಲಿಲ್ಲ? ರೋಗಿಯ ಜೇಬಿನ ವಿಷವನ್ನು ತಮ್ಮ ಖಾನೆಯಲ್ಲಿ ಜೋಪಾನ ಮಾಡುವ ಡಾಕ್ಟರನ್ನು ನಾನೆಲ್ಲೂ ಕಂಡಿರಲಿಲ್ಲ. ಅಲ್ಲಿಯವರೆಗೆ ಗಂಡನ ಮೇಲಿದ್ದ ನನ್ನ ಅನುಮಾನ ಆ ಖಾನೆಯ ಸುತ್ತಲೂ ಸುತ್ತತೊಡಗಿತು. ಹಾಗೆಂದು ಗಂಡನನ್ನೂ ಬಿಡಲಿಲ್ಲ. ಇಬ್ಬರ ಮೇಲೂ ಇತ್ತು.

ಮಾರನೆಯ ದಿನ ಬೆಳಗ್ಗೆ ಇವರ ಊಟದ ಡಬ್ಬಿಯನ್ನು ಅಡುಗೆಮನೆಯ ಕಪಾಟಿನ ಹಿಂದೆ ಸರಿಸಿಟ್ಟೆ. ಅವಸರದಲ್ಲಿ ಹುಡುಕಿ, ಸಿಗದೆ, ಬರಿಗೈಯಲ್ಲಿ ಹೋದರು. ಅರ್ಧ ಬೆಳಗು ಕಳೆದ ಮೇಲೆ ಡಬ್ಬಿ ಹಿಡಿದು ನಾನು ಹೊರಟೆ. ಗಂಡನಿಗೆ ಊಟ ತಂದ ಹೆಂಡತಿಯನ್ನು ಯಾರೂ ಯಾಕೆ ಬಂದೆ ಎಂದು ಕೇಳುವುದಿಲ್ಲ.

ಕೆಳಗಿನ ಹಜಾರದಲ್ಲಿ ಲಿಫ್ಟಿನ ಬಾಗಿಲ ಮೇಲೆ ಗಡಿಯಾರದಂತಹ ಒಂದು ಅರ್ಧ ಚಕ್ರ. ಲಿಫ್ಟು ಯಾವ ಮಹಡಿಯಲ್ಲಿದೆಯೆಂದು ಅದರ ಮುಳ್ಳು ತೋರಿಸುತ್ತದೆ. ಮುಳ್ಳು ಮೂರಕ್ಕೂ ನಾಲ್ಕಕ್ಕೂ ನಡುವೆ ನಿಂತಿತ್ತು. ಅಲುಗಾಡುತ್ತಿಲ್ಲ. ಗಾಲಿಕುರ್ಚಿಯಲ್ಲಿ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡ ಒಬ್ಬ ಅಜ್ಜ, ಅವನ ಸೊಸೆ, ಔಷಧಿ ತಟ್ಟೆ ಹಿಡಿದ ನರ್ಸಮ್ಮ, ಎಲ್ಲರೂ ತಲೆಯೆತ್ತಿ ಮುಳ್ಳನ್ನೇ ನೋಡುತ್ತ ನಿಂತಿದ್ದರು.

"ಕೆಟ್ಟು ಹೋಯ್ತಾ?" ಎಂದು ಕೇಳಿದೆ.

"ದಿನಾ ಇದೇ ಹೊತ್ತಿಗೆ ಕೈಕೊಡುತ್ತಮ್ಮ" ಎಂದಳು ನರ್ಸಮ್ಮ. "ಡಾಕ್ಟ್ರುಗಳ ರೌಂಡ್ಸು ಮುಗಿಯೋದಕ್ಕೂ ಇದು ಸಿಕ್ಕಿಹಾಕ್ಕೊಳ್ಳೋದಕ್ಕೂ ಸರಿಹೋಗುತ್ತೆ. ಕಂಪನಿಯವ್ರು ಎಷ್ಟು ಸಲ ಬಂದು ನೋಡಿದ್ರೂ ಏನೂ ಕೆಟ್ಟಿಲ್ಲ ಅಂತಾರೆ. ನಿನ್ನೇನೂ ಬಂದು ಆ ಹಿಡಿ ಪೆಟ್ಟಿಗೆ ಬಿಚ್ಚಿ ನೋಡಿ ಹೋದ್ರು."

"ಡಾಕ್ಟ್ರುಗಳು ಒಳಗೇ ಸಿಕ್ಕಿಹಾಕ್ಕೊಳ್ತಾರಾ?"

"ಪಾಪ, ದಿನಾ" ಎಂದು ನರ್ಸಮ್ಮ ತುಟಿಯಂಚಿನಲ್ಲಿ ನಕ್ಕಳು.

ನಾನು ಕಂಬದ ಮರೆಗೆ ಸರಿದು ನಿಂತೆ. ಒಂದು ಸಿಗರೇಟು ಉರಿದು ಮುಗಿಯುವಷ್ಟು ಹೊತ್ತಾಯಿತು. ಮುಳ್ಳು ಅಲುಗಿತು, ಇಳಿಯಿತು. ಜಾಲರಿ ಬಾಗಿಲು ಸರಿಯಿತು. ಮೊದಲು ಹೊರಗೆ ಬಂದದ್ದು ಹೊಗೆ. ಅದರ ಹಿಂದೆ ಬಿಳಿ ಕೋಟುಗಳು. ದಪ್ಪ ಹೊಟ್ಟೆಯ ಮೂಳೆ ಡಾಕ್ಟರು ಬಾಯಿಗೆ ಪೆಪ್ಪರಮೆಂಟು ಎಸೆದುಕೊಳ್ಳುತ್ತ, "ಥ್ಯಾಂಕ್ಸ್ ಕ್ಯಾಪ್ಟನ್!" ಎಂದರು. ಅವರ ಪಕ್ಕದಲ್ಲಿ, ಕನ್ನಡಕ ಒರೆಸಿಕೊಳ್ಳುತ್ತ, ಗಂಭೀರವಾಗಿ, ಎದೆ ಡಾಕ್ಟರು. ಗಾಲಿಕುರ್ಚಿಯ ಅಜ್ಜ ಕೈಯೆತ್ತಿ ನಮಸ್ಕಾರ ಮಾಡಿದ. ಅವರು ತಲೆಯಾಡಿಸಿ ಮುಂದೆ ಹೋದರು.

ಒಳಗೆ ಸ್ಟೂಲಿನ ಮೇಲೆ ನಮ್ಮವರು. ಕಣ್ಣು ಕೆಂಪಗಾಗಿ ನೀರು ಒಸರುತ್ತಿತ್ತು. ಕೈಯಲ್ಲಿ ಸಿಗರೇಟಿರಲಿಲ್ಲ. ಒಂದು ಕೈ ಹಿಡಿಯ ಮೇಲೆ, ಇನ್ನೊಂದು ಕೈ ಎದೆಯ ಮೇಲಿತ್ತು, ಕೆಮ್ಮುತ್ತಿದ್ದರು.

ಅವರ ಊಟದ ಬಿಡುವಿನಲ್ಲಿ ಮೆಟ್ಟಿಲ ಕೆಳಗಿನ ಬೆಂಚಿನ ಮೇಲೆ ಡಬ್ಬಿ ಬಿಚ್ಚಿಟ್ಟು, ಮುಚ್ಚಳವನ್ನು ಮಾತ್ರ ನನ್ನ ಕೈಯಲ್ಲೇ ಇಟ್ಟುಕೊಂಡೆ.

"ನೋಡಿದೆ" ಎಂದೆ.

"ನೀನೇನೂ ನೋಡಿಲ್ಲ."

"ಕಣ್ಣಾರೆ ನೋಡಿದೆ. ಬಾಯಿ ಬಿಡ್ತೀರೋ, ದೊಡ್ಡ ಡಾಕ್ಟ್ರ ಹತ್ರ ಹೋಗ್ಲೋ?"

ತುತ್ತು ಕೈಯಲ್ಲೇ ನಿಂತಿತು. "ಹುಚ್ಚಿ, ಅವರಿಗೆ ಗೊತ್ತಾದ್ರೆ ಮೊದ್ಲು ಹೋಗೋದು ನನ್ನ ಕೆಲ್ಸ. ಲಿಫ್ಟು ನಿಲ್ಲಿಸೋ ಕೈ ಯಾರದ್ದು?"

ಆಮೇಲೆ ಒಂದೊಂದೇ ಮಾತು ಹೊರಗೆ ಬಂತು. ಬೂದಿ ತಟ್ಟೆಗಳು ಹೋದ ಮೇಲೆ ಡಾಕ್ಟರುಗಳಿಗೆ ಸೇದಲು ಜಾಗವಿರಲಿಲ್ಲವಂತೆ. ವಾರ್ಡಿನಲ್ಲಿ ರೋಗಿಗಳ ಕಣ್ಣು, ಹೊರಗೆ ರೋಗಿಗಳ ಕಡೆಯವರ ಕಣ್ಣು, ಎಲ್ಲೆಲ್ಲೂ ದೊಡ್ಡ ಡಾಕ್ಟರ ಕಣ್ಣು. ಬಿಡಿ ಎಂದು ಹೇಳುವ ಬಾಯಲ್ಲೇ ಸೇದುವುದನ್ನು ಯಾರೂ ನೋಡಬಾರದು. ಒಂದು ದಿನ ಮೂಳೆ ಡಾಕ್ಟರು ತಮಾಷೆಗೆ, "ಕ್ಯಾಪ್ಟನ್, ಹಡಗನ್ನ ನಡುನೀರಲ್ಲಿ ನಿಲ್ಲಿಸು ನೋಡೋಣ" ಎಂದರಂತೆ. ಇವರು ನಿಲ್ಲಿಸಿದರು. ಅಂದಿನಿಂದ ಅದೇ ಪದ್ಧತಿ. ಕೋಟಿನ ಜೇಬಿನಲ್ಲಿ ಇಟ್ಟುಕೊಂಡರೆ ಉಬ್ಬು ಕಾಣುತ್ತದೆಂದು ಪೊಟ್ಟಣಗಳೂ ಬೆಂಕಿಪೊಟ್ಟಣವೂ ಹಿಡಿಯ ಹಿಂದಿನ ಕಬ್ಬಿಣದ ಪೆಟ್ಟಿಗೆಯಲ್ಲಿ. ನಿನ್ನೆ ಕಂಪನಿಯವರು ಆ ಪೆಟ್ಟಿಗೆ ಬಿಚ್ಚಲು ಬರುತ್ತಾರೆಂದು, ತಪಾಸಣೆಗೆ ನನ್ನನ್ನು ಸಾಲಿನಲ್ಲಿ ಕೂರಿಸಿ ಹೋಗಿ, ಇವರು ಎಲ್ಲವನ್ನೂ ತೆಗೆದು, ಉಳಿದದ್ದನ್ನು ಬೇರೆ ಕಡೆ ಇಟ್ಟು, ಎದೆ ಡಾಕ್ಟರ ಪೊಟ್ಟಣವನ್ನು ಅವರಿಗೇ ಕೊಡೋಣವೆಂದು ಒಳಜೇಬಿಗೆ ಹಾಕಿಕೊಂಡಿದ್ದರು.

"ಅಂದ್ರೆ ಅವರ ಸಿಗರೇಟು ನಿಮ್ಮ ಜೇಬಲ್ಲಿ, ಅವರ ಹೊಗೆ ನಿಮ್ಮೆದೇಲಿ, ಬೈಗುಳಾನೂ ನಿಮಗೇ. ಅಲ್ಲೇ ಹೇಳೋಕೆ ನಿಮಗೇನು ರೋಗ?"

"ನಿನ್ನ ಮುಂದೆ ಅವರ ಮಾನ ಕಳೀಲಾ?"

"ನನ್ನ ಮುಂದೆ ನಿಮ್ಮ ಮಾನ ಹೋದ್ರೆ ಪರ್ವಾಗಿಲ್ವಾ?"

ಅದಕ್ಕೆ ಇವರು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಹೊರಗೆ ನಾನು ಜವಾನ ಕಣೇ. ಲಿಫ್ಟು ನಿಂತಾಗ ಮಾತ್ರ ಅವರೆಲ್ಲ ನನ್ನ ಜೊತೆ ಮಾತಾಡ್ತಾರೆ. ಹೆಂಡ್ತಿ ಬೈದಿದ್ದು, ಮಗ ಫೇಲಾಗಿದ್ದು, ಆಪರೇಷನ್ ಕೆಟ್ಟಿದ್ದು, ಎಲ್ಲ. ಎದೆ ಡಾಕ್ಟ್ರು ಒಂದಿನ ನನ್ನ ಮುಂದೆ ಅತ್ತಿದಾರೆ."

"ನೀವು ಒಂದಾದ್ರೂ ಸೇದಿದ್ರಾ? ನಿಜ ಹೇಳಿ."

"ಕೊಡೋಕೆ ಬರ್ತಾರೆ. ನಾನು ಪೆಪ್ಪರಮೆಂಟು ತಗೋತೀನಿ."

ನಂಬಿದೆನೇ? ಅರ್ಧ ನಂಬಿದೆ. ಇನ್ನರ್ಧ ಕಣ್ಣಿಂದಲೇ ಕಾಣಬೇಕಿತ್ತು. ದೂರು ಕೊಡುವಂತಿಲ್ಲ, ಕೊಟ್ಟರೆ ಅನ್ನ ಹೋಗುತ್ತದೆ. ಬಿಡುವಂತಿಲ್ಲ, ಬಿಟ್ಟರೆ ಗಂಡ ಹೋಗುತ್ತಾರೆ. ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ ಹೋದೆ. ಈ ಸಲ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ, ಎದೆ ವಾರ್ಡಿರುವ ಐದನೇ ಮಹಡಿಯಲ್ಲೇ ಕಾದು ನಿಂತೆ. ಡಾಕ್ಟರಿಬ್ಬರು ಲಿಫ್ಟಿನೊಳಗೆ ಕಾಲಿಟ್ಟರು. ಅವರ ಹಿಂದೆಯೇ ನಾನೂ ನುಗ್ಗಿ, ಇವರು ಎದ್ದು ನಿಂತಿದ್ದ ಸ್ಟೂಲಿನ ಮೇಲೆ ಕೂತೆ.

ಇವರ ಮುಖ ಬಿಳುಚಿತು. ಮೂಳೆ ಡಾಕ್ಟರು ನಗುತ್ತ, "ಏನು ಕ್ಯಾಪ್ಟನ್, ಇವತ್ತು ಹಡಗಿಗೆ ಹೊಸ ಪ್ರಯಾಣಿಕರು?" ಎಂದರು.

"ನಮ್ಮನೆಯವ್ಳು ಸಾರ್."

ಎದೆ ಡಾಕ್ಟರು ನನ್ನನ್ನು ಗುರುತಿಸಿ ಮುಖವನ್ನು ಜಾಲರಿಯ ಕಡೆಗೆ ತಿರುಗಿಸಿದರು. ಲಿಫ್ಟು ಇಳಿಯತೊಡಗಿತು. ನಾಲ್ಕು ದಾಟಿತು.

"ರೀ, ದಿನಾ ನಿಲ್ಸೋ ಜಾಗದಲ್ಲಿ ನಿಲ್ಸಿ" ಎಂದೆ.

"ಏ ಇವಳೇ, ಸುಮ್ನಿರು."

"ನಿಲ್ಸಿ ಅಂದೆ."

ಇವರು ನನ್ನನ್ನು ನೋಡಿದರು, ಡಾಕ್ಟರ ಬೆನ್ನನ್ನು ನೋಡಿದರು. ನಿಲ್ಲಿಸುವುದಿಲ್ಲ ಎಂದೇ ನಾನಂದುಕೊಂಡೆ. ಆದರೆ ಕೈ ಮೆಲ್ಲಗೆ ಹಿಡಿಯನ್ನು ನಡುವೆ ತಂದಿತು. ಎದುರಿಗೆ ಮಹಡಿಯೂ ಇಲ್ಲ, ಬಾಗಿಲೂ ಇಲ್ಲ, ಬರೀ ಇಟ್ಟಿಗೆಯ ಗೋಡೆ. ಆ ಗೋಡೆಯ ಮೇಲೆ ಕಂದು ಬಣ್ಣದ ಜಿಡ್ಡು ಕೂತಿತ್ತು.

"ಈಗ ಸೇದಿ ಡಾಕ್ಟ್ರೇ. ನಾಚ್ಕೋಬೇಡಿ. ದಿನಾ ಹೇಗೆ ಸೇದ್ತೀರೋ ಹಾಗೇ ಸೇದಿ. ನಾನು ಇಲ್ಲಿ ಕೂತ್ಕೊಂಡು ಬರೀ ಉಸಿರಾಡ್ತೀನಿ. ಆಮೇಲೆ ನನ್ನೆದೆಗೂ ಕೊಳವೆ ಇಟ್ಟು, ಈಯಮ್ಮನೂ ಸೇದ್ತಾಳೆ ಅಂತ ನಮ್ಮೆಜಮಾನ್ರಿಗೆ ಹೇಳಿ."

ಮೂಳೆ ಡಾಕ್ಟರ ನಗು ಅಲ್ಲಿಗೆ ನಿಂತಿತು. ಎದೆ ಡಾಕ್ಟರು ತಿರುಗಿದರು.

"ಅಮ್ಮಾ, ನಾನು ಬೇಕೂಂತ ಹೇಳಿದ್ದಲ್ಲ. ಎದೆ ಸದ್ದು ಕೇಳ್ದಾಗ ನಿಜವಾಗ್ಲೂ ಸೇದ್ತಿದಾನೆ ಅಂತಾನೇ ಅಂದ್ಕೊಂಡೆ."

"ಪೊಟ್ಟಣ ಬಿದ್ಮೇಲೆ?"

ಅವರು ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿಕೊಂಡರು.

"ಅದು ನಿಮ್ದೇ ಅಂತ ಗೊತ್ತಾದ್ಮೇಲೂ ಸುಮ್ನಿದ್ರಿ. ಖಾನೇಲಿಟ್ಟು ಮುಚ್ಚಿದ್ರಿ. ನಾನು ದಾರೀಲೆಲ್ಲ ಇವರನ್ನ ಸುಳ್ಳ ಅಂತ ಬೈಕೊಂಡು ಹೋದೆ."

ಅವರು ಇವರ ಕಡೆಗೆ ನೋಡಿದರು. ಅಷ್ಟು ದಿನ ಅದೇ ಪೆಟ್ಟಿಗೆಯಲ್ಲಿ ಮೈಗೆ ಮೈ ತಾಗುವಷ್ಟು ಹತ್ತಿರ ನಿಂತಿದ್ದವರು, ಈಗ ಮೊದಲ ಸಲ ಕಂಡವರಂತೆ ನೋಡಿದರು. "ದಿನಾ ಪಕ್ಕದಲ್ಲೇ ಇರ್ತಾನೆ. ನನ್ನ ಕಷ್ಟಸುಖ ಎಲ್ಲ ಇವನ ಹತ್ರಾನೇ ಹೇಳ್ಕೊಂಡಿದೀನಿ. ಆದ್ರೂ ಇವನೂ ಇದೇ ಗಾಳಿ ಎಳ್ಕೊಳ್ತಿದಾನೆ ಅಂತ ನಂಗೆ..." ಮಾತು ಅಲ್ಲೇ ಉಳಿಯಿತು. ಊರಿನವರ ಎದೆಯನ್ನೆಲ್ಲ ಓದುವ ಮನುಷ್ಯ ಪಕ್ಕದಲ್ಲಿರುವ ಎದೆಯನ್ನು ಎಣಿಸಿರಲಿಲ್ಲ. ಅದು ನಟನೆಯೋ ನಿಜವೋ ಎಂದು ಮುಖವನ್ನೇ ದಿಟ್ಟಿಸಿದೆ. ಗೊತ್ತಾಗಲಿಲ್ಲ. ಕಿವಿಗಳು ಮಾತ್ರ ಕೆಂಪಗಾಗಿದ್ದವು.

ಆಗ ನಮ್ಮವರು ಒಂದು ಕೆಲಸ ಮಾಡಿದರು. ಹಿಡಿಯ ಹಿಂದಿನ ಪೆಟ್ಟಿಗೆಯ ಬಾಗಿಲು ತೆಗೆದು, ಒಳಗಿದ್ದ ಪೊಟ್ಟಣಗಳನ್ನೂ ಬೆಂಕಿಪೊಟ್ಟಣವನ್ನೂ ಒಂದೊಂದಾಗಿ ಎತ್ತಿ, ಅವರವರದ್ದನ್ನು ಅವರವರ ಕೈಗೆ ಕೊಟ್ಟರು. ಸಿಟ್ಟಿಲ್ಲ, ನಗುವಿಲ್ಲ. ಕೆಳಗೆ ಯಾರೋ ಜಾಲರಿಯನ್ನು ದಬದಬನೆ ಬಡಿಯುತ್ತಿದ್ದರು.

"ಮೇಲಕ್ಕಾ, ಕೆಳಕ್ಕಾ ಸಾರ್?" ಎಂದರು.

"ಕೆಳಕ್ಕೆ" ಎಂದರು ಎದೆ ಡಾಕ್ಟರು.

ಆಮೇಲೆ ಕೆಲವು ದಿನ ನಾನು ಬಾಗಿಲ ಸದ್ದಾದರೆ ಬೆಚ್ಚುತ್ತಿದ್ದೆ. ಏನೋ ನೆಪ ತೆಗೆದು ಇವರನ್ನು ಮನೆಗೆ ಕಳಿಸುತ್ತಾರೆ ಎಂಬ ಅನುಮಾನ. ಹಾಗಾಗಲಿಲ್ಲ. ಡಾಕ್ಟರುಗಳು ತಾರಸಿಯ ಮೇಲಿನ ನೀರಿನ ತೊಟ್ಟಿಯ ಹಿಂದೆ ಜಾಗ ಮಾಡಿಕೊಂಡರಂತೆ. ಲಿಫ್ಟು ಮತ್ತೆ ಯಾವತ್ತೂ ನಡುವೆ ಕೆಡಲಿಲ್ಲ. ಆದರೆ ಇವರು ನನ್ನ ಮೇಲೆ ಮುನಿಸಿಕೊಂಡರು. "ಈಗ ಲಿಫ್ಟಲ್ಲಿ ಮಾತೇ ಇಲ್ಲ. ಬರ್ತಾರೆ, ಮಹಡಿ ಹೇಳ್ತಾರೆ, ಹೋಗ್ತಾರೆ. ನಿನಗೀಗ ಸಮಾಧಾನವಾಯ್ತಾ?" ಎಂದು ಕೇಳಿದರು. "ಆಯ್ತು" ಎಂದೆ. ಅವರು ಕಳೆದುಕೊಂಡದ್ದು ಸಣ್ಣದಲ್ಲವೆಂದು ನನಗೆ ಗೊತ್ತಿತ್ತು. ಆದರೆ ಗಂಡ ಉಸಿರಾಡಿಕೊಂಡು ಮುನಿಸಿಕೊಳ್ಳಲಿ, ಅದನ್ನು ನಾನು ತಾಳಬಲ್ಲೆ.

ಮುಂದಿನ ತಪಾಸಣೆಗಳಲ್ಲಿ ಕಿರುಗುಟ್ಟುವ ಸದ್ದು ಕಡಿಮೆಯಾಗುತ್ತ ಬಂತು. ಕೊನೆಗೊಂದು ದಿನ ಎದೆ ಡಾಕ್ಟರು ಹೊಸ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, ಮೋಡ ಕರಗಿದ ಜಾಗವನ್ನು ನನಗೆ ತೋರಿಸಿದರು. "ಇವ್ರು ಸೇದಿಲ್ಲಮ್ಮ. ಒಂದೂ ಸೇದಿಲ್ಲ. ಆವತ್ತೇ ಹೇಳ್ಬೇಕಿತ್ತು ನಾನು."

ನಾನು ಮೇಜಿನ ಮೇಲೆ ಸ್ವಲ್ಪ ಬಗ್ಗಿ ಮೂಗು ಎಳೆದೆ. "ನಿಮ್ಮ ಕೋಟು ಬೇರೇನೋ ಹೇಳುತ್ತೆ ಡಾಕ್ಟ್ರೇ."

"ತಾರಸಿ ಮೇಲಮ್ಮಾ. ಒಬ್ನೇ" ಎಂದರು, ಶಾಲೆಯ ಹುಡುಗನಂತೆ. ನಮ್ಮವರು ಬಹಳ ದಿನಗಳ ಮೇಲೆ ನಕ್ಕದ್ದು ಆಗ. ಡಾಕ್ಟರೂ ನಕ್ಕರು. ಆಮೇಲೆ ಲಿಫ್ಟಿನಲ್ಲಿ ಅವರಿಬ್ಬರಿಗೂ ಮತ್ತೆ ಒಂದೆರಡು ಮಾತು ಶುರುವಾಯಿತಂತೆ, ಲಿಫ್ಟು ನಿಲ್ಲಿಸದೆಯೇ.

ನಾನು ಮೂಸುವುದನ್ನು ಬಿಡಲಿಲ್ಲ. ಯಾಕೆ ಬಿಡಬೇಕು? ಆ ಮೂಗೇ ಅಲ್ಲವೇ ಅವರನ್ನು ಉಳಿಸಿದ್ದು. ಇವರಿಗೂ ಅಭ್ಯಾಸವಾಯಿತು. ಬಾಗಿಲಲ್ಲಿ ನಿಂತು, ನಾನು ಕೇಳುವ ಮೊದಲೇ ಎರಡೂ ತೋಳು ಚಾಚಿ, "ನೋಡ್ಕೋ ತಾಯಿ" ಅನ್ನುತ್ತಿದ್ದರು. ಕೆಲಸದಿಂದ ನಿವೃತ್ತರಾಗಿ, ಹಿತ್ತಲಿನಿಂದ ಒಳಗೆ ಬರುವಾಗಲೂ ತೋಳು ಚಾಚುತ್ತಿದ್ದರು. ನಾದಿನಿ ನೋಡಿದಾಗಲೆಲ್ಲ, "ನಮ್ಮಣ್ಣ ಹಾರೋಕೆ ಹೊರಟ" ಎಂದು ನಗುತ್ತಿದ್ದಳು.

ಅವರು ಹೋದದ್ದು ಎದೆಯ ರೋಗದಿಂದಲ್ಲ, ವಯಸ್ಸಾಗಿ. ಹೋದ ಮೇಲೆ ಒಂದು ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದು ನೋಡಿದರೆ ಎದೆ ಡಾಕ್ಟರು. ಬೆನ್ನು ಬಗ್ಗಿತ್ತು, ಕೂದಲೆಲ್ಲ ಬೆಳ್ಳಗಾಗಿತ್ತು, ಬಿಳಿ ಕೋಟಿರಲಿಲ್ಲ. 'ಅಮ್ಮಾ' ಎಂದಷ್ಟೇ ಹೇಳಿ ಹೊಸ್ತಿಲಾಚೆಯೇ ನಿಂತರು. ಆಮೇಲೆ, ಕ್ಯಾಪ್ಟನ್ ಹೇಳಿಕೊಟ್ಟಿದ್ದರೇನೋ, ಮೆಲ್ಲಗೆ ಎರಡೂ ತೋಳು ಚಾಚಿದರು.

ಸೋಪಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಶರ್ಟಿನ ಜೇಬಿನ ಮೇಲೆ ಒಮ್ಮೆ ಕಣ್ಣಾಡಿಸಿ, ಆಮೇಲೆಯೇ ಒಳಗೆ ಬನ್ನಿ ಎಂದೆ.